ಐದು ಜೋಡಿ ಎತ್ತು

ಸಂತ ಲೂಕನ ಶುಭಸಂದೇಶದ ಹದಿನಾಲ್ಕನೇ ಅಧ್ಯಾಯದಲ್ಲಿ ಯೇಸು ಯಜಮಾನನೊಬ್ಬ ಏರ್ಪಡಿಸಿದ ಔತಣದ ಕತೆ ಹೇಳುತ್ತಾರೆ. ಊಟ ಸಿದ್ಧವಾಗಿದೆ, ಬನ್ನಿ ಎಂದು ಆಳು ಬಂದು ಕರೆದಾಗ ಒಬ್ಬನಿಗೆ ಹೊಸದಾಗಿ ಕೊಂಡ ಹೊಲ ನೋಡಬೇಕು. ಇನ್ನೊಬ್ಬನಿಗೆ ಹೊಸದಾಗಿ ಕೊಂಡ ಐದು ಜೋಡಿ ಎತ್ತು ಹೂಡಿ ನೋಡಬೇಕು. ಮೂರನೆಯವನಿಗೆ ಆಗಷ್ಟೇ ಮದುವೆಯಾಗಿದೆ. ಈ ಕತೆಯನ್ನು ಚನ್ನರಾಯಪಟ್ಟಣದ ಕಡೆಯ ರೈತರೊಬ್ಬರಿಗೆ ಹೇಳಿದೆ. ಹಳ್ಳಿಕಾರ್ ಹೋರಿಯ ಹಲ್ಲು ನೋಡಿ, ಸುಳಿ ನೋಡಿ, ಟವೆಲ್ಲಿನ ಅಡಿ ಬೆರಳು ಹಿಡಿದು ದರ ಕುದುರಿಸುವ ಸೀಮೆಯವರು. ಅವರು ಯಜಮಾನನ ಪರವನ್ನೂ ವಹಿಸಲಿಲ್ಲ, ಅತಿಥಿಗಳ ಪರವನ್ನೂ ವಹಿಸಲಿಲ್ಲ. "ಹೂಡಿ ನೋಡ್ದೆ ಐದು ಜೋಡಿ ತಗೊಂಡ್ನಾ? ನಂಬಬೇಡಿ ಸ್ವಾಮಿ, ಅವನಿಗೆ ಬರೋ ಮನಸ್ಸಿಲ್ಲ" ಅಂದರು. ವರ್ಷಗಟ್ಟಲೆ ಕೇಳಿದ ಪ್ರಸಂಗಗಳಿಗಿಂತ ಆ ಮಾತು ನನಗೆ ಹೆಚ್ಚು ಹಿಡಿಸಿತು.

ಆ ಮೂವರಲ್ಲಿ ಒಬ್ಬನೂ ಹೆಂಡದಂಗಡಿಗೆ ಹೋಗಬೇಕು ಅನ್ನುವುದಿಲ್ಲ, ಅದು ಈ ಕತೆಯ ಚೋದ್ಯ. ಹೊಲ, ಎತ್ತು, ಸಂಸಾರ ಎಲ್ಲವೂ ಮರ್ಯಾದಸ್ಥರ ಬಾಳಿಗೆ ಬೇಕಾದವೇ. ನಮ್ಮಲ್ಲಿ ತಪಸ್ಸುಕಾಲ ಬಂತೆಂದರೆ ಬಿಡುವ ವಸ್ತುಗಳ ಪಟ್ಟಿ ಹೊರಬೀಳುತ್ತದೆ: ಮಾಂಸ, ಬೀಡಿ, ಗುಂಡು, ಸಿನಿಮಾ. ನಲವತ್ತು ದಿನ ಬಿಟ್ಟು, ಪಾಸ್ಖದ ದಿನ ಬಡ್ಡಿ ಸಮೇತ ವಸೂಲಿ. ಹೊಲ ಮತ್ತು ಎತ್ತು ಮಾತ್ರ ಆ ಪಟ್ಟಿಗೆ ಸೇರಿದ್ದನ್ನು ನಾನು ಕಂಡಿಲ್ಲ. ನನ್ನ ಎತ್ತುಗಳನ್ನು ಎಣಿಸುತ್ತಾ ಹೋದರೆ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ ಒಂದು, ರಾಜ್ಯೋತ್ಸವ ಸಮಿತಿ ಒಂದು, ತಿಂಗಳ ಚೀಟಿ ಒಂದು, ಹಳೆಯ ವಿದ್ಯಾರ್ಥಿಗಳ ಬಳಗ ಒಂದು. ಕೊನೆಯ ಜೋಡಿ ಚರ್ಚಿನದ್ದೇ: ಹಬ್ಬದ ಚಂದಾ, ತೇರಿನ ಅಲಂಕಾರ, ಶಾಮಿಯಾನದವನೊಡನೆ ಜಗಳ. ಇದರಷ್ಟು ಮೊಂಡು ಎತ್ತು ಬೇರಿಲ್ಲ. ಬಲಿಪೂಜೆಯ ನಡುವೆ ಗುರುಗಳು ರೊಟ್ಟಿ ಎತ್ತಿ ಹಿಡಿದಿರುವಾಗ ಕುರ್ಚಿ ಸಾಲುತ್ತದೋ ಇಲ್ಲವೋ ಎಂದು ಹಿಂದೆ ತಿರುಗಿ ಎಣಿಸುವವನಿಗೆ ಪ್ರಾರ್ಥನೆಗೂ ತನಗೂ ನಡುವೆ ನಿಂತದ್ದು ಯಾವ ಪಾಪವೆಂದು ಪಾಪನಿವೇದನೆಯಲ್ಲಿ ಹೇಳಲೂ ಬರುವುದಿಲ್ಲ. ಯೇಸು ಮನೆಗೆ ಬಂದಾಗ ಬೆಥಾನಿಯದ ಮಾರ್ತಳೂ ಮಾಡಿದ್ದು ಅಡುಗೆಯನ್ನೇ. ಬಂದ ಅತಿಥಿಗೆ ಅಡುಗೆ ಮಾಡುವುದು ತಪ್ಪೆಂದು ಹಾಸನದ ಯಾವ ಮನೆಯಲ್ಲೂ ಒಪ್ಪಿಸಲು ಸಾಧ್ಯವಿಲ್ಲ.

ಬಿಡುವುದೇನೋ ಸುಲಭ, ಬಿಟ್ಟ ಮೇಲಿನದ್ದು ಕಷ್ಟ. ಇದನ್ನು ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪಿನ ಹೊಲಗಳಲ್ಲಿ ನೋಡಬೇಕು. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಅದೇ ತಾಲ್ಲೂಕಿನ ರಾಮನಾಥಪುರದಲ್ಲಿದೆ. ಸುತ್ತಲಿನ ಹಳ್ಳಿಗಳಲ್ಲಿ ಮುಂಗಾರಿಗೆ ನಾಟಿ. ಗಿಡ ಎದೆಮಟ್ಟ ಬೆಳೆದು ತಿಳಿಗುಲಾಬಿ ಹೂ ಬಿಡುವ ಹೊತ್ತಿಗೆ ಸಾಲಿನಲ್ಲಿ ನಡೆಯುತ್ತಾ ಚಟಚಟನೆ ಕುಡಿ ಮುರಿದು ಎಸೆಯುತ್ತಾರೆ. ನೋಡಿದವರಿಗೆ ಹೊಟ್ಟೆ ಚುರ್ ಅನ್ನಬೇಕು; ಗಿಡದಲ್ಲಿ ಚೆಂದವಾಗಿರುವುದು ಅದೊಂದೇ. ಹೂವಿಗೆ ಹೋಗುವ ಸತ್ವ ಎಲೆಗೆ ಇಳಿಯಲಿ ಎಂದು ಈ ಕೆಲಸ. ಆದರೆ ಗಿಡ ಅಷ್ಟಕ್ಕೆ ಸುಮ್ಮನಿರುತ್ತದೆಯೆ? ಮುರಿದ ಕೆಲವೇ ದಿನಕ್ಕೆ ಪ್ರತಿ ಎಲೆಯ ಕಂಕುಳಿಂದಲೂ ಚಿಗುರು ಹೊರಡುತ್ತದೆ. ಅದನ್ನೂ ಮುರಿಯುತ್ತಿರಬೇಕು, ಇಲ್ಲವಾದರೆ ಎಲೆ ಸೊರಗಿ ಬೇಯಿಸುವ ಬ್ಯಾರನ್ನಿನಲ್ಲಿ ಹದ ಬರುವುದಿಲ್ಲ, ಹರಾಜಿನಲ್ಲಿ ಬೆಲೆ ಬರುವುದಿಲ್ಲ. ಯೋವಾನ್ನನ ಶುಭಸಂದೇಶದ ಹದಿನೈದನೇ ಅಧ್ಯಾಯ ದ್ರಾಕ್ಷಿಬಳ್ಳಿ ಸವರುವುದನ್ನು ಹೇಳುತ್ತದೆ. ದ್ರಾಕ್ಷಿ ಕಾಣದ ಈ ಸೀಮೆಯಲ್ಲಿ ಅದರ ಟೀಕೆಯನ್ನು ಗುರುಗಳು ಬೈಯುವ ಹೊಗೆಸೊಪ್ಪೇ ಬರೆಯಬೇಕಾಯಿತು. ನಾನು ಕ್ಷೇಮಾಭಿವೃದ್ಧಿ ಸಂಘಕ್ಕೆ ರಾಜೀನಾಮೆ ಕೊಟ್ಟ ತಿಂಗಳಲ್ಲೇ ಯೋಗದ ತರಗತಿ, ಷಟಲ್, ಮೊಬೈಲಿನಲ್ಲಿ ವಂಶವೃಕ್ಷ ಬರೆಯುವ ಹುಚ್ಚು ಎಲ್ಲವೂ ಒಟ್ಟಿಗೆ ಚಿಗುರಿದವು.

ಬಿಡುವುದರ ಬಗ್ಗೆ ಹಾಸನ ಜಿಲ್ಲೆಯಲ್ಲಿ ಕೂತು ಬರೆಯುವವನು ಶ್ರವಣಬೆಳಗೊಳದ ಕಡೆ ನೋಡದೆ ಇರಲಾರ. ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯ ಕ್ರಿ.ಶ. 981ರ ಸುಮಾರಿಗೆ ನಿಲ್ಲಿಸಿದ ಐವತ್ತೆಂಟು ಅಡಿಯ ಬಾಹುಬಲಿ, ಅಣ್ಣನನ್ನು ಗೆದ್ದ ಕ್ಷಣದಲ್ಲೇ ಗೆದ್ದದ್ದನ್ನು ಬಿಟ್ಟವನು. ಎದುರಿನ ಚಿಕ್ಕಬೆಟ್ಟದಲ್ಲಿ ಸಾಮ್ರಾಜ್ಯ ಬಿಟ್ಟು ಬಂದ ಚಂದ್ರಗುಪ್ತ ಮೌರ್ಯ ದೇಹವನ್ನೂ ಬಿಟ್ಟನೆಂದು ಜೈನ ಪರಂಪರೆ ಹೇಳುತ್ತದೆ. ಹೊಳೆನರಸೀಪುರಕ್ಕೆ ಹೋದರೆ ಅಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ. 1948ರಲ್ಲಿ ಸಂನ್ಯಾಸ ತೆಗೆದುಕೊಂಡ ಸಚ್ಚಿದಾನಂದೇಂದ್ರ ಸರಸ್ವತಿಗಳು ಎಲ್ಲ ಬಿಟ್ಟರೂ ಪುಸ್ತಕ ಬರೆಯುವುದನ್ನು ಬಿಡಲಿಲ್ಲ. ಇಂಥವರ ನೆರೆಯಲ್ಲಿ ಬೆಳೆದ ನಮಗೆ ತ್ಯಾಗವೆಂದರೆ ಬೆಟ್ಟ ಹತ್ತುವುದು, ಒಬ್ಬನೇ ನಿಲ್ಲುವುದು. ಆದರೆ ಲೂಕನ ಕತೆಯಲ್ಲಿ ಹೊಲವನ್ನೂ ಎತ್ತನ್ನೂ ಒಂದು ಸಂಜೆಯ ಮಟ್ಟಿಗೆ ಬಿಟ್ಟು ಬಾ ಎಂದು ಕರೆದದ್ದು ಊಟಕ್ಕೆ, ಅದೂ ಪಂಕ್ತಿ ಊಟಕ್ಕೆ. ನಾನು ಇದನ್ನು ಬಹುಕಾಲ ಗಮನಿಸಿಯೇ ಇರಲಿಲ್ಲ.

ಈ ಸೀಮೆಯ ಕ್ರೈಸ್ತರ ಚರಿತ್ರೆಯಲ್ಲಿ ಬಿಟ್ಟವರು ಎಂದರೆ ಮೊದಲು ನೆನಪಾಗುವವರು ಅಬ್ಬೆ ದ್ಯುಬುವಾ. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, 1792ರಲ್ಲಿ, ಈ ಕಡೆ ಬಂದ ಪಾದ್ರಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಚದುರಿದ ಕ್ರೈಸ್ತರನ್ನು ಮತ್ತೆ ಕೂಡಿಸಿದರು, ಅವರಿಗೆ ಒಕ್ಕಲುತನದ ನೆಲೆ ಮಾಡಿಕೊಟ್ಟರು, ಸಿಡುಬಿನ ಲಸಿಕೆ ಹಾಕಿಸಿದರು. ಉಡುಪು, ಊಟ, ನಡೆನುಡಿ ಎಲ್ಲದರಲ್ಲೂ ಯೂರೋಪನ್ನು ಕಳಚಿಟ್ಟು ಈ ನೆಲದವರಂತೆ ಬಾಳಿದರು. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರ ಬಹುಪಾಲು ಇನ್ನೊಬ್ಬ ಪಾದ್ರಿಯ ಹಸ್ತಪ್ರತಿಯಿಂದ ಎತ್ತಿದ್ದೆಂದು ವಿದ್ವಾಂಸರು ಆಮೇಲೆ ಕಂಡುಹಿಡಿದರು, ಇರಲಿ. ಮೂವತ್ತು ವರ್ಷ ಕಳೆದು 1823ರಲ್ಲಿ ಫ್ರಾನ್ಸಿಗೆ ಮರಳುವಾಗ, ಈ ದೇಶದವರನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸ ಎಂದು ಬರೆದರು. ಹೊರಗಿನದ್ದನ್ನೆಲ್ಲ ಬಿಟ್ಟವರು ಫಲ ಎಣಿಸುವುದನ್ನು ಮಾತ್ರ ಬಿಟ್ಟಿರಲಿಲ್ಲವೇನೋ. ನನಗೆ ಅವರ ಮೇಲೆ ಅಕ್ಕರೆ ಇರುವುದು ಈ ಕಾರಣಕ್ಕೇ.

ಶೆಟ್ಟಿಹಳ್ಳಿಯದ್ದು ಬೇರೆ ಕತೆ. ಹೇಮಾವತಿಯ ದಂಡೆಯಲ್ಲಿ 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚು ಗೊರೂರಿನ ಅಣೆಕಟ್ಟೆಯಿಂದ ಹಿನ್ನೀರಿನ ಪಾಲಾಯಿತು. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಏಳುತ್ತದೆ. ಮದುವೆಗೆ ಮುಂಚಿನ ಫೋಟೋ ತೆಗೆಸುವವರಿಗೆ ಈಗ ಅದು ಸುಗ್ಗಿ. ಅಲ್ಲಿಯ ಒಕ್ಕಲುಗಳು ಹೊಲವನ್ನೂ ದೇವಾಲಯವನ್ನೂ ಒಟ್ಟಿಗೇ ಬಿಟ್ಟರು, ಆದರೆ ಅದು ಅವರು ಆರಿಸಿದ್ದಲ್ಲ. ಕಳೆದುಕೊಂಡದ್ದನ್ನು ತ್ಯಾಗ ಎಂದು ಹೊಗಳುವ ಭಾಷಣಗಳನ್ನು ಕೇಳಿದಾಗ ನನಗೆ ರೇಗುತ್ತದೆ. ನೀರಾವರಿಯ ಲಾಭ ಕೆಳಗಿನ ತಾಲ್ಲೂಕುಗಳಿಗೆ, ತ್ಯಾಗದ ಬಿರುದು ಮುಳುಗಿದವರಿಗೆ!

ಆದರೂ ಆರಿಸದೆಯೇ ಹೊರಬೇಕಾಗಿ ಬಂದವನೊಬ್ಬ ಶುಭಸಂದೇಶದಲ್ಲೂ ಇದ್ದಾನೆ. ರಾಜ್ಯೋತ್ಸವ ಸಮಿತಿಯನ್ನೂ ಬಿಟ್ಟ ಮೇಲೆ ತಪಸ್ಸುಕಾಲದ ಶುಕ್ರವಾರಗಳಲ್ಲಿ ಶಿಲುಬೆ ಹಾದಿಗೆ ಹೋಗುತ್ತಿದ್ದೇನೆ. ಸಮಿತಿಯವನಾಗಿ ಅಲ್ಲ, ಸುಮ್ಮನೆ. ಮೈಕ್ ಕೈಕೊಟ್ಟರೆ ಎದ್ದು ಹೋಗಬಾರದೆಂದು ಕಂಬದ ಮರೆಗೆ ನಿಲ್ಲುತ್ತೇನೆ. ಐದನೆಯ ಸ್ಥಳದಲ್ಲಿ ಸಿರೇನಿನ ಸಿಮೋನ ಬರುತ್ತಾನೆ. ಅವನು ಹೊಲದ ಕಡೆಯಿಂದ ಬರುತ್ತಿದ್ದ ಎಂದು ಮಾರ್ಕ ಹೇಳುತ್ತಾನೆ. ಬೆಳಿಗ್ಗೆ ಏನು ಬಿತ್ತಿದ್ದನೋ, ಮನೆಯಲ್ಲಿ ಯಾರು ಕಾಯುತ್ತಿದ್ದರೋ, ಎತ್ತು ಯಾರ ವಶಕ್ಕೆ ಕೊಟ್ಟಿದ್ದನೋ, ಒಂದೂ ತಿಳಿಯದು. ನೆಪ ಹೇಳುವುದಕ್ಕೆ ಸೈನಿಕರು ಅವನಿಗೆ ಪುರುಸೊತ್ತು ಕೊಡಲಿಲ್ಲ, ಶಿಲುಬೆಯನ್ನು ಹೆಗಲ ಮೇಲಿಟ್ಟರು. ಅವನ ಹೊಲದ ಸಮಾಚಾರ ಮಾರ್ಕನಿಗೆ ಬೇಕಾಗಲಿಲ್ಲ. ಅವನ ಇಬ್ಬರು ಮಕ್ಕಳ ಹೆಸರನ್ನು ಮಾತ್ರ, ಓದುವವರಿಗೆಲ್ಲ ಗೊತ್ತಿರುವ ಮನೆಯವರೆಂಬಂತೆ, ಬರೆದಿಟ್ಟಿದ್ದಾನೆ: ಅಲೆಕ್ಸಾಂಡರ್ ಮತ್ತು ರೂಫ.