ಗ್ರಹಣಕ್ಕೆ ಕೊಟ್ಟ ಎಕ್ಸ್-ರೇ

1995ರ ಅಕ್ಟೋಬರ್ 24ರ ಬೆಳಿಗ್ಗೆ ಸೂರ್ಯಗ್ರಹಣ. ಮಕ್ಕಳಿಗೆ ತೋರಿಸಬೇಕೆಂದು ಅಪ್ಪನ ಹಳೆಯ ಎಕ್ಸ್-ರೇಯನ್ನು ಟ್ರಂಕಿನಿಂದ ತೆಗೆದು, ಕತ್ತರಿಯಿಂದ ನಾಲ್ಕು ತುಂಡು ಮಾಡಿ ಹಂಚಿಬಿಟ್ಟೆ. (ಹಾಗೆ ನೋಡುವುದು ಕಣ್ಣಿಗೆ ಕೇಡೆಂಬುದೂ ಆಗ ತಿಳಿದಿರಲಿಲ್ಲ.) ಬಂಗಾರಪೇಟೆಯ ನಮ್ಮ ಬೀದಿಯ ಮಕ್ಕಳೆಲ್ಲ ಅಪ್ಪನ ಎದೆಗೂಡಿನ ಮೂಲಕ ಸೂರ್ಯನನ್ನು ನೋಡಿದರು.

ಅಪ್ಪ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿಯಲ್ಲಿ 28 ವರ್ಷ ದುಡಿದವರು. 3 ಕಿಲೋಮೀಟರಿಗೂ ಹೆಚ್ಚು ಆಳದ ಗಣಿ. ಆ ಲೈನು ಮನೆಗಳಲ್ಲಿ ಕೆಮ್ಮಿದರೆ ಯಾರೂ ತಿರುಗಿ ನೋಡುವುದಿಲ್ಲ. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಬರುವ ಇಲ್ಲಿನ ಸಿಲಿಕೋಸಿಸ್ ಬಗ್ಗೆ ವೈದ್ಯರು 1947ರಲ್ಲೇ ಬರೆದಿದ್ದರು. ಆ ಧೂಳು ಕ್ಯಾನ್ಸರನ್ನೂ ತರುತ್ತದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಾರಿದ್ದು 1997ರಲ್ಲಿ.

ಮರುವರ್ಷ ಅಪ್ಪನ ಕಫದಲ್ಲಿ ರಕ್ತ ಕಂಡಿತು. ಒಬ್ಬರು ಕ್ಷಯವೆಂದು ಮೂರು ತಿಂಗಳು ಮಾತ್ರೆ ಕೊಟ್ಟರು. ಮೈ ಇಳಿಯುತ್ತಲೇ ಹೋಯಿತು. ಕೊನೆಗೆ ನಮ್ಮ ಮನೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹೊಸ ಎಕ್ಸ್-ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಧೂಳಿನ ಗುರುತು ಎರಡೂ ಕಡೆ ಇದೆಯಮ್ಮ. ಬಲಗಡೆ ಈ ಗಂಟು ಮೊದಲೂ ಇತ್ತೋ, ಹೊಸದೋ? ಹಳೇ ಫಿಲ್ಮ್ ಎಲ್ಲಿ?" ಎಂದರು.

ನನ್ನ ಬಾಯಿ ಒಣಗಿತು. ಗ್ರಹಣದ ಕಥೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೀರು ತೆಗೆದು ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ಕೆಳಗೆ ಹಾಕಿ ಹುಡುಕಿದರು. 1994ರ ಒಂದು ಪುಟದಲ್ಲಿ ಅಪ್ಪನ ಹೆಸರಿನ ಕೆಳಗೆ ತಾವೇ ಪೆನ್ಸಿಲಿನಿಂದ ಗೀಚಿಕೊಂಡಿದ್ದ ಶ್ವಾಸಕೋಶದ ಚಿತ್ರವಿತ್ತು. ಸಣ್ಣ ಚುಕ್ಕೆಗಳಿದ್ದವು, ಗಂಟು ಇರಲಿಲ್ಲ.

ಅಲ್ಲೇ ಕೂತು ಎರಡು ಪುಟದ ಕಾಗದ ಬರೆದರು. ಗಣಿಯಲ್ಲಿ ಎಷ್ಟು ವರ್ಷ, ದಿನಕ್ಕೆ ಎಷ್ಟು ಬೀಡಿ, ನುಂಗಿದ ಮಾತ್ರೆಗಳು, ಇಳಿದ ತೂಕ. ಆ ಚಿತ್ರದ ಪ್ರತಿಯನ್ನೂ ಪಿನ್ನು ಹಾಕಿ ಸೇರಿಸಿದರು. ಕೊನೆಯಲ್ಲಿ, 'ದಯವಿಟ್ಟು ನನಗೂ ಬರೆದು ತಿಳಿಸಿ' ಎಂದಿತ್ತು.

ಬೆಳಗಿನ ರೈಲು ಹಿಡಿದು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋದೆವು. ಅಲ್ಲಿನ ತಜ್ಞರು ಕಾಗದವನ್ನು ಎರಡು ಸಲ ಓದಿದರು. ಮಾತಾಡಿದರೆ ಕೆಮ್ಮು ಬರುತ್ತಿದ್ದ ಅಪ್ಪನಿಗೆ ಮತ್ತೆ ಎಲ್ಲ ಹೇಳುವ ಕಷ್ಟ ತಪ್ಪಿತು. ಚೂರು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರೇ. ನಮ್ಮ ಡಾಕ್ಟರಿಗೆ ಅಂಚೆಯಲ್ಲಿ ಉತ್ತರವೂ ಬಂತು. ಆಮೇಲೆ ರಕ್ತಪರೀಕ್ಷೆ, ನೋವಿನ ಮಾತ್ರೆಗಳಿಗೆ ಬೆಂಗಳೂರಿಗೆ ಓಡಬೇಕಾಗಲಿಲ್ಲ.

ಆ ಮೂರು ತಿಂಗಳು ಉಳಿದಿದ್ದರೆ? ಯಾವ ಡಾಕ್ಟರೂ ಹೇಳಲಿಲ್ಲ. ನಾನು ಅಳುತ್ತಿದ್ದಾಗ ಅಪ್ಪನೇ, "ಬಿಡವ್ವ, ಹಗಲೆಲ್ಲ ಕತ್ತಲೇಲೇ ಇದ್ದ ಎದೆ. ಅವತ್ತಾದ್ರೂ ಸೂರ್ಯನ್ನ ಕಂಡಿತಲ್ಲ" ಎಂದು ನಕ್ಕರು.

ಹನ್ನೊಂದು ತಿಂಗಳು ಇದ್ದರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ್ದನ್ನು ನೋಡಲಿಲ್ಲ.