ಕೊಡಲಿಯ ಕಾವು ಮತ್ತು 15 ದಿನಗಳು

ಅನ್ಸಾರ್‌ಗಳಲ್ಲೊಬ್ಬರು ಪ್ರವಾದಿವರ್ಯರ(ಸ) ಬಳಿ ನೆರವು ಯಾಚಿಸಿ ಬಂದರು. ಪ್ರವಾದಿವರ್ಯರು(ಸ) ಅವರ ಮನೆಯ ಕಂಬಳಿ, ಬಟ್ಟಲುಗಳನ್ನು ತರಿಸಿ 2 ದಿರ್ಹಮ್‌ಗೆ ಮಾರಿದರು. ಒಂದು ಮನೆಯ ಆಹಾರಕ್ಕೆ, ಇನ್ನೊಂದು ಕೊಡಲಿಗೆ. ಕೊಡಲಿಗೆ ಸ್ವತಃ ಕಾವು ಜೋಡಿಸಿಕೊಟ್ಟು, ಸೌದೆ ಕಡಿದು ಮಾರುವಂತೆಯೂ 15 ದಿನ ತಮ್ಮ ಕಣ್ಣಿಗೆ ಬೀಳದಂತೆಯೂ ಆದೇಶಿಸಿದರು. ಆತ 10 ದಿರ್ಹಮ್ ಸಂಪಾದಿಸಿ ಮರಳಿದರು (ಅಬೂದಾವೂದ್).

ಕಾವು ಜೋಡಿಸಿದ ಕೈಯಲ್ಲಿ ಕಾರುಣ್ಯವಿದೆ. ಆ 15 ದಿನಗಳಲ್ಲಿ ಭರವಸೆಯಿದೆ. ನಮ್ಮಲ್ಲಿ ಅನೇಕರು ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತೇವೆ.

ನನ್ನ ಬಳಿ ಮದ್ರಸದಲ್ಲಿ ಕಲಿತು, ಈಗ ಆರ್.ಟಿ. ನಗರ, ಹೆಬ್ಬಾಳದಿಂದ ಯಲಹಂಕದ ಕಾಲೇಜುಗಳಿಗೆ ಹೋಗುವ ಮಕ್ಕಳನ್ನು ಕಾಣುತ್ತಿರುತ್ತೇನೆ. ಕೆಲವರ ವಿದ್ಯಾರ್ಥಿವೇತನದ ಅರ್ಜಿಯನ್ನು ತಂದೆಯೇ ಸೈಬರ್ ಸೆಂಟರ್‌ನಲ್ಲಿ ತುಂಬಿಸುತ್ತಾರೆ. ಮಗನಿಗೆ ತನ್ನ ಶುಲ್ಕವೆಷ್ಟೆಂದೂ ತಿಳಿಯದು. ಇನ್ನು ಕೆಲವು ಮನೆಗಳಲ್ಲಿ ದಾಖಲಾತಿಯ ನಂತರ ವಿಚಾರಣೆಯೇ ಇಲ್ಲ. ಫಲಿತಾಂಶ ಬಂದ ದಿನ ಗದರಿಕೆ ಮಾತ್ರ.

ಅನಾಥರನ್ನು ಪರೀಕ್ಷಿಸುತ್ತಿದ್ದು, ವಿವೇಕ ಕಂಡಾಗ ಅವರ ಸೊತ್ತನ್ನು ಅವರಿಗೊಪ್ಪಿಸಬೇಕೆಂದು ಅನ್ನಿಸಾ ಅಧ್ಯಾಯದ 6ನೇ ಸೂಕ್ತ ಆದೇಶಿಸುತ್ತದೆ. ಸ್ವಲ್ಪ ಸ್ವಲ್ಪವಾಗಿ ಹೊಣೆ ವಹಿಸದೆ ಪರೀಕ್ಷಿಸುವುದಾದರೂ ಹೇಗೆ? ನಮ್ಮ ಮಕ್ಕಳಿಗೂ ಇದೇ ಕ್ರಮ ಸಲ್ಲುತ್ತದೆ. ತಿಂಗಳ ಖರ್ಚನ್ನು ಒಮ್ಮೆಗೇ ಮಗಳ ಕೈಗಿತ್ತು, ಲೆಕ್ಕ ಬರೆದಿಡಲು ಹೇಳಿರಿ. ಎಸ್‌ಎಸ್‌ಪಿ ಅರ್ಜಿಯನ್ನು ಮಗನೇ ತುಂಬಲಿ. ಕಳುಹಿಸುವ ಮುನ್ನ ನೀವೊಮ್ಮೆ ಓದಿರಿ. ಕಾಲೇಜಿನ ಕಚೇರಿಯ ಸರದಿಯಲ್ಲಿ ಅವನೇ ನಿಲ್ಲಲಿ. ಒಂದು ವಿಷಯದಲ್ಲಿ ಅನುತ್ತೀರ್ಣನಾದರೆ, ಮುಂದೇನು ಮಾಡುವೆ ಎಂದು ಮೊದಲು ಅವನನ್ನೇ ಕೇಳಿರಿ. ಬಳಿಕ ಬೇಕಾದ ನೆರವು ನೀಡಿರಿ.

ಅಲ್ಲಾಹನು ನಮ್ಮ ಮಕ್ಕಳಿಗೆ ವಿವೇಕವನ್ನೂ ನಮಗೆ ಆ 15 ದಿನಗಳ ಸಹನೆಯನ್ನೂ ಅನುಗ್ರಹಿಸಲಿ. ಆಮೀನ್.