ಮಾಡದೆ ಉಳಿದ ಪ್ರಮಾಣ

ನ್ಯಾಯಾಲಯದ ಕಟಕಟೆಯಲ್ಲಿ ನಿಂತ ಸಾಕ್ಷಿ ಮೊದಲು ಮಾಡಬೇಕಾದುದು ಪ್ರಮಾಣ. ಸತ್ಯವನ್ನೇ ಹೇಳುತ್ತೇನೆ, ಸತ್ಯವಲ್ಲದ್ದನ್ನು ಹೇಳುವುದಿಲ್ಲ ಎಂಬ ಮಾತನ್ನು ಹೆಚ್ಚಿನವರು ಯೋಚಿಸದೆ ಒಪ್ಪಿಸಿಬಿಡುತ್ತಾರೆ. ಎಂದೋ ಒಮ್ಮೆ ಒಬ್ಬ ಮುದುಕ ಮಾತ್ರ ಅಲ್ಲಿ ತಡೆದು ನಿಲ್ಲುತ್ತಾನೆ. "ಕಂಡದ್ದನ್ನು ಹೇಳಬಲ್ಲೆ ಸ್ವಾಮೀ, ಕಾಣದ್ದನ್ನು ಹೇಗೆ ಹೇಳಲಿ?" ಎನ್ನುತ್ತಾನೆ. ಸುತ್ತಲಿನವರು ನಕ್ಕರೂ ಪ್ರಮಾಣದ ಅರ್ಥವನ್ನು ತಿಳಿದವನು ಅವನೇ. ಮಾತು ತಪ್ಪಬಾರದೆಂಬ ಭಯವಿರುವವನಿಗಷ್ಟೇ ಪ್ರಮಾಣ ಭಾರವಾಗುತ್ತದೆ.

ಅಂಥ ಭಾರವನ್ನು ಅನುಭವಿಸಿದವರಲ್ಲಿ ಹೆನ್ರಿ ಪೂಲ್ಸ್ ಎಂಬ ಕಥೋಲಿಕ ಗುರುಗಳೂ ಒಬ್ಬರು. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಕಥೋಲಿಕ ವಿಶ್ವವಿದ್ಯಾಲಯದಲ್ಲಿ ಅವರು ಬೈಬಲ್ಲಿನ ಹಳೆಯ ಒಡಂಬಡಿಕೆಯ ಪ್ರಾಧ್ಯಾಪಕರಾಗಿದ್ದರು. ಒಂದು ಪ್ರಮಾಣವನ್ನು ಮಾಡಿದ್ದರೆ ಅವರ ಪೀಠ ಉಳಿಯುತ್ತಿತ್ತು. ಅವರು ಮಾಡಲಿಲ್ಲ. ದೇವರನ್ನು ನಂಬದವರಾಗಿದ್ದರೆ ಈ ನಿರಾಕರಣೆಯಲ್ಲಿ ವಿಶೇಷವೇನೂ ಇರುತ್ತಿರಲಿಲ್ಲ. ಅವರು ಆಳವಾದ ನಂಬಿಕೆಯುಳ್ಳವರಾಗಿದ್ದರು; ಕೊನೆಯವರೆಗೂ ಹಾಗೆಯೇ ಉಳಿದರು. ಅವರ ಕಥೆ ನೆನಪಿಡಲು ಯೋಗ್ಯವಾಗಿರುವುದು ಇದರಿಂದಲೇ.

ಪೂಲ್ಸ್ 1868ರಲ್ಲಿ ಹಾಲೆಂಡಿನ ಲಿಂಬರ್ಗ್ ಪ್ರಾಂತದ ವೆನ್ರೇ ಎಂಬಲ್ಲಿ ಹುಟ್ಟಿದರು. ಗುರುದೀಕ್ಷೆಯನ್ನು ಪಡೆದ ಬಳಿಕ ಬೆಲ್ಜಿಯಮ್ಮಿನ ಲೂವೆನ್ ಕಥೋಲಿಕ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದರು. ಅಲ್ಲಿ ಆಲ್ಬಿನ್ ವಾನ್ ಹೂನಾಕರ್ ಎಂಬ ವಿದ್ವಾಂಸರು ಹಳೆಯ ಒಡಂಬಡಿಕೆಯನ್ನು ಚರಿತ್ರೆಯ ಬೆಳಕಿನಲ್ಲಿ ಓದುವ ಕ್ರಮವನ್ನು ಕಲಿಸುತ್ತಿದ್ದರು. ಪ್ರಾರ್ಥನೆಯಲ್ಲಿ ಕೈಮುಗಿಯುವ ಗ್ರಂಥವನ್ನೇ ಪಾಠಮಂದಿರದಲ್ಲಿ ಪ್ರಶ್ನೆ ಕೇಳಿ ಪರೀಕ್ಷಿಸುವುದು ಅಲ್ಲಿನ ಶಿಸ್ತು. 1897ರಲ್ಲಿ ಡಾಕ್ಟರೇಟ್ ಪಡೆದ ಪೂಲ್ಸ್, 1904ರಲ್ಲಿ ವಾಷಿಂಗ್ಟನ್ನಿಗೆ ಬಂದರು. ಬೈಬಲ್ ಸಂಬಂಧವಾದ ಪ್ರಶ್ನೆಗಳನ್ನು ವಿಚಾರಿಸಲು ಹದಿಮೂರನೇ ಲಿಯೋ ಪೋಪರು 1902ರಲ್ಲಿ ರೋಮಿನಲ್ಲಿ ಒಂದು ಆಯೋಗವನ್ನು ಸ್ಥಾಪಿಸಿದ್ದರು. ಪೂಲ್ಸ್ ಆ ಆಯೋಗದ ಸಲಹೆಗಾರರಲ್ಲಿ ಒಬ್ಬರು. ಮುಂದೆ ಅವರ ವೃತ್ತಿಗೆ ಕುತ್ತು ಬಂದುದು ಅದೇ ಆಯೋಗದ ತೀರ್ಪಿನಿಂದ.

ಪ್ರಶ್ನೆ ಕೇಳಲು ಸರಳವಾದುದು. ಬೈಬಲ್ಲಿನ ಮೊದಲ ಐದು ಗ್ರಂಥಗಳನ್ನು ಬರೆದವರು ಯಾರು? ಮೋಶೆ ಎಂದು ಪರಂಪರೆ ಹೇಳುತ್ತದೆ. ಆದರೆ ಗ್ರಂಥವನ್ನು ಸಾಕ್ಷಿಯಂತೆ ನಿಲ್ಲಿಸಿ ತಾಳ್ಮೆಯಿಂದ ವಿಚಾರಿಸಿದರೆ ಅದೇ ಕೆಲವು ಸಂಗತಿಗಳನ್ನು ನುಡಿಯುತ್ತದೆ. ಧರ್ಮೋಪದೇಶಕಾಂಡದ ಕೊನೆಯ ಅಧ್ಯಾಯದಲ್ಲಿ ಮೋಶೆಯ ಮರಣವಿದೆ. ಜನರು ಮೂವತ್ತು ದಿನ ಗೋಳಾಡಿದ ವಿವರವಿದೆ. ಅವನ ಸಮಾಧಿ ಇಂದಿನವರೆಗೆ ಯಾರಿಗೂ ತಿಳಿಯದೆಂಬ ಮಾತೂ ಇದೆ. ತನ್ನ ಮರಣಾನಂತರದ ಶೋಕವನ್ನು ತಾನೇ ಬರೆಯುವವರುಂಟೆ? ಲೋಕದಲ್ಲಿ ಮೋಶೆಯಷ್ಟು ವಿನಯಶಾಲಿ ಬೇರೊಬ್ಬನಿರಲಿಲ್ಲವೆಂದು ಅರಣ್ಯಕಾಂಡ ಹೇಳುತ್ತದೆ. ಅಷ್ಟು ವಿನಯವಿದ್ದವನು ಆ ಮಾತನ್ನು ತಾನೇ ಬರೆದುಕೊಂಡನೆ? ಇಸ್ರಾಯೇಲಿನಲ್ಲಿ ಅರಸರು ಆಳುವುದಕ್ಕೆ ಮುಂಚೆ ಎದೋಮ್ ದೇಶವನ್ನು ಆಳಿದವರ ಪಟ್ಟಿಯೊಂದು ಆದಿಕಾಂಡದಲ್ಲಿದೆ. ಅರಸೊತ್ತಿಗೆ ಬಂದ ಮೇಲೆ ಬದುಕಿದವನಷ್ಟೇ ಹಾಗೆ ಬರೆಯಬಲ್ಲ. ಅಬ್ರಹಾಮನು ಶತ್ರುಗಳನ್ನು ದಾನ್ ಎಂಬ ಊರಿನವರೆಗೆ ಅಟ್ಟಿಕೊಂಡು ಹೋದನೆಂದಿದೆ. ಆ ಊರಿಗೆ ಆ ಹೆಸರು ಬಹುಕಾಲದ ಬಳಿಕ ಬಂದಿತೆಂದು ಬೈಬಲ್ಲಿನ ಮತ್ತೊಂದು ಗ್ರಂಥವೇ ತಿಳಿಸುತ್ತದೆ. ನೋಹನ ಜಲಪ್ರಳಯದ ಕಥೆಯಲ್ಲಿ ಒಂದೆಡೆ ಪ್ರತಿಯೊಂದು ಜಾತಿಯ ಪ್ರಾಣಿಯೂ ಒಂದೊಂದು ಜೋಡಿ. ಇನ್ನೊಂದೆಡೆ ಶುದ್ಧಪ್ರಾಣಿಗಳು ಏಳೇಳು ಜೋಡಿ.

ಇವನ್ನು ಗಮನಿಸಿದವರೆಲ್ಲ ಧರ್ಮದ್ವೇಷಿಗಳಲ್ಲ. 1678ರಲ್ಲಿ ಈ ವಿಷಯವನ್ನು ವಿಸ್ತಾರವಾಗಿ ಬರೆದ ಫ್ರಾನ್ಸಿನ ರಿಶಾರ್ ಸಿಮೊನ್ ಒಬ್ಬ ಕಥೋಲಿಕ ಗುರು. ಅವರ ಪುಸ್ತಕದ ಪ್ರತಿಗಳನ್ನು ನಾಶಮಾಡಲಾಯಿತು. ಅವರ ಸಂಘ ಅವರನ್ನು ಹೊರಹಾಕಿತು. 1753ರಲ್ಲಿ ಜಾನ್ ಆಸ್ಟ್ರುಕ್ ಎಂಬ ವೈದ್ಯರು ಆದಿಕಾಂಡದಲ್ಲಿ ದೇವರಿಗೆ ಎರಡು ಬೇರೆ ಹೆಸರುಗಳು ಬಳಕೆಯಾಗಿರುವುದನ್ನು ಹಿಡಿದು ಎರಡು ಮೂಲಗಳನ್ನು ಬಿಡಿಸಿ ತೋರಿಸಿದರು. ಆ ಮೂಲಗಳನ್ನು ಕೂಡಿಸಿದವನು ಮೋಶೆಯೇ ಎಂದು ಸಾಧಿಸುವುದು ಅವರ ಉದ್ದೇಶವಾಗಿತ್ತು. 1878ರಲ್ಲಿ ಜರ್ಮನಿಯ ಯೂಲಿಯುಸ್ ವೆಲ್‌ಹೌಸೆನ್, ಈ ಐದು ಗ್ರಂಥಗಳು ಬೇರೆ ಬೇರೆ ಶತಮಾನಗಳಿಗೆ ಸೇರಿದ ನಾಲ್ಕು ಮುಖ್ಯ ಮೂಲಗಳಿಂದ ಬೆಳೆದವೆಂಬ ವಾದವನ್ನು ಬಲವಾಗಿ ಮಂಡಿಸಿದರು. ಆ ಪ್ರೊಟೆಸ್ಟಂಟ್ ವಿದ್ವಾಂಸರು ನಾಲ್ಕು ವರ್ಷಗಳ ಬಳಿಕ, ಸಭೆಯ ಸೇವೆಗೆ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸಲು ತಾವು ತಕ್ಕವರಲ್ಲವೆಂದು ದೈವಶಾಸ್ತ್ರದ ಪೀಠವನ್ನು ತಾವಾಗಿಯೇ ಬಿಟ್ಟುಕೊಟ್ಟರು. ಪೂಲ್ಸ್ ಅವರಿಗೆ ಆ ದಾರಿ ಬೇಕಿರಲಿಲ್ಲ. ಗುರುವಾಗಿಯೂ ಸಂಶೋಧಕರಾಗಿಯೂ ಒಂದೇ ಪೀಠದಲ್ಲಿ ಕುಳಿತಿರಬಹುದೆಂದು ಅವರು ನಂಬಿದ್ದರು.

1906ರ ಜೂನ್ 27ರಂದು ರೋಮಿನ ಆಯೋಗದ ತೀರ್ಪು ಹೊರಬಿತ್ತು. ವಿಮರ್ಶಕರು ಒಡ್ಡಿದ ಆಧಾರಗಳು ಈ ಗ್ರಂಥಗಳು ಮೋಶೆಯವಲ್ಲವೆಂದು ಹೇಳಲು ಸಾಲವು ಎಂಬುದು ಅದರ ಸಾರ. ಆ ತೀರ್ಪಿಗೂ ನ್ಯಾಯ ಸಲ್ಲಬೇಕು. ಮೋಶೆ ಪ್ರತಿಯೊಂದು ಪದವನ್ನೂ ಸ್ವಹಸ್ತದಿಂದ ಬರೆದನೆಂದು ಅದು ಹಟ ಹಿಡಿಯಲಿಲ್ಲ. ಅವನು ಹಳೆಯ ಮೂಲಗಳನ್ನು ಬಳಸಿರಬಹುದು, ಲಿಪಿಕಾರರ ನೆರವನ್ನು ಪಡೆದಿರಬಹುದು, ಅನಂತರದ ಕಾಲದ ಕೆಲವು ಸೇರ್ಪಡೆಗಳೂ ಇರಬಹುದೆಂದು ಅದು ಒಪ್ಪಿತ್ತು. ಕಿಟಕಿಯನ್ನು ಸ್ವಲ್ಪ ತೆರೆದಿಟ್ಟು ಬಾಗಿಲನ್ನು ಮುಚ್ಚಿದ ತೀರ್ಪು ಅದು. ಸಭೆಯ ಹಿರಿಯರ ಆತಂಕಕ್ಕೂ ಕಾರಣವಿಲ್ಲದಿರಲಿಲ್ಲ. ಫ್ರಾನ್ಸಿನಲ್ಲಿ ಆಲ್ಫ್ರೆಡ್ ಲ್ವಾಜಿ ಎಂಬ ಗುರುಗಳ ಬೈಬಲ್ ವಿಮರ್ಶೆ ಸಭೆಯ ಮೂಲ ಬೋಧನೆಗಳನ್ನೇ ಪ್ರಶ್ನಿಸುವ ಮಟ್ಟಕ್ಕೆ ಹೋಗಿತ್ತು. ಒಂದು ಇಟ್ಟಿಗೆಯನ್ನು ಅಲುಗಿಸಿದರೆ ಗೋಡೆ ಬಿದ್ದೀತೆಂಬ ಅಂಜಿಕೆ ಹಿರಿಯರದು.

ಪೂಲ್ಸ್ ಅಡಗಿಕೊಳ್ಳಲಿಲ್ಲ. ತೀರ್ಪಿನ ಮಾತನ್ನು ಬಾಯಿಯಲ್ಲಿ ಹೇಳುತ್ತ ಮನಸ್ಸಿನಲ್ಲಿ ಬೇರೆಯದನ್ನು ಇಟ್ಟುಕೊಳ್ಳುವುದು ಅವರಿಂದಾಗಲಿಲ್ಲ. ಮೋಶೆಯೇ ಕರ್ತೃವೆಂಬ ಅಭಿಪ್ರಾಯವನ್ನು ಆತ್ಮಸಾಕ್ಷಿಯಾಗಿ ಒಪ್ಪಲಾರೆನೆಂದು ಮೇಲಿನವರಿಗೆ ತಿಳಿಸಿದರು. 1907ರಲ್ಲಿ ರೋಮಿಗೆ ಹೋಗಿ ಹತ್ತನೇ ಪಿಯುಸ್ ಪೋಪರನ್ನು ಸ್ವತಃ ಕಂಡು ತಮ್ಮ ಸಂಕಟವನ್ನು ನಿವೇದಿಸಿದರು. ವಿಚಾರಣೆಯ ಬಳಿಕ ಬೋಧನೆಯನ್ನು ಮುಂದುವರಿಸಲು ಸಮ್ಮತಿ ದೊರೆಯಿತೆಂದೇ ತಿಳಿದು ಹಿಂದಿರುಗಿದರು. ಆದರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪೋಪರು ಆಧುನಿಕವಾದವನ್ನು ಖಂಡಿಸಿ ಪರಿಪತ್ರವನ್ನು ಹೊರಡಿಸಿದರು; ನವೆಂಬರಿನಲ್ಲಿ ಆಯೋಗದ ತೀರ್ಪುಗಳಿಗೆ ಎಲ್ಲರೂ ಆತ್ಮಸಾಕ್ಷಿಪೂರ್ವಕವಾಗಿ ಬದ್ಧರೆಂದು ವಿಧಿಸಿದರು. ಗಾಳಿ ಬದಲಾಯಿತು. ಪೂಲ್ಸ್ ಪಡೆದಿದ್ದ ಸಮ್ಮತಿಯ ಅರ್ಥವೇನೆಂಬುದರ ಬಗ್ಗೆ ವಾಷಿಂಗ್ಟನ್ನಿನಲ್ಲಿಯೂ ರೋಮಿನಲ್ಲಿಯೂ ಬೇರೆ ಬೇರೆ ಮಾತುಗಳು ಹುಟ್ಟಿದವು. ಕೊನೆಗೆ ಅವರ ಮುಂದೆ ಒಂದು ಪ್ರಮಾಣ ಬಂದಿತು: ಆಯೋಗದ ತೀರ್ಪುಗಳನ್ನು ಮನಃಪೂರ್ವಕವಾಗಿ ಸ್ವೀಕರಿಸಿ ಅದರಂತೆ ಬೋಧಿಸುತ್ತೇನೆಂದು ದೇವರ ಮುಂದೆ ಹೇಳಬೇಕು.

ವಕೀಲಿ ವೃತ್ತಿಯನ್ನು ಬಲ್ಲವರಿಗೆ ಇಲ್ಲಿನ ತೊಡಕು ಬೇಗನೆ ಹೊಳೆಯುತ್ತದೆ. ನ್ಯಾಯಾಲಯದ ತೀರ್ಪು ತಪ್ಪೆಂದು ವಕೀಲನಿಗೆ ಎಷ್ಟೋ ಸಲ ಅನ್ನಿಸುತ್ತದೆ. ಆದರೂ ಅವನು ತಲೆಬಾಗುತ್ತಾನೆ. ಕಕ್ಷಿದಾರನಿಗೂ ತೀರ್ಪನ್ನು ಪಾಲಿಸಲು ಹೇಳುತ್ತಾನೆ. ಆಮೇಲೆ ಮೇಲ್ಮನವಿಯ ಕಾಗದವನ್ನು ಸಿದ್ಧಪಡಿಸುತ್ತಾನೆ. ತೀರ್ಪಿಗೆ ತಲೆಬಾಗುವುದು ಬೇರೆ, ಆ ತೀರ್ಪು ಸರಿಯಾಗಿದೆಯೆಂದು ಪ್ರಮಾಣ ಮಾಡುವುದು ಬೇರೆ. ಮೊದಲನೆಯದು ವಿಧೇಯತೆ; ಎರಡನೆಯದು ಸಾಕ್ಷ್ಯ. ವಿಧೇಯತೆಯನ್ನು ಆಜ್ಞೆಯಿಂದ ಪಡೆಯಬಹುದು, ಸಾಕ್ಷ್ಯವನ್ನು ಪಡೆಯಲಾಗದು. ಕಾಣದ್ದನ್ನು ಕಂಡೆನೆಂದು ಹೇಳಿಸಿದರೆ ಅದು ಸುಳ್ಳುಸಾಕ್ಷ್ಯವಾಗುತ್ತದೆ. ಹೇಳಿಸಿದವರು ಎಷ್ಟು ದೊಡ್ಡವರಾದರೂ ಆ ಹೆಸರು ಬದಲಾಗುವುದಿಲ್ಲ. ಸುಳ್ಳುಸಾಕ್ಷಿ ಹೇಳಬಾರದೆಂಬ ಕಟ್ಟಳೆ ಇರುವುದು ಮೋಶೆಯ ಹೆಸರಿನ ಆ ಗ್ರಂಥಗಳಲ್ಲಿಯೇ. ಮೋಶೆಯ ಕರ್ತೃತ್ವವನ್ನು ಉಳಿಸಲು ಮೋಶೆಯ ಕಟ್ಟಳೆಯನ್ನು ಮುರಿಯಬೇಕಾದ ಇಕ್ಕಟ್ಟು ಅದು.

ಪೂಲ್ಸ್ ಪ್ರಮಾಣ ಮಾಡಲಿಲ್ಲ. 1910ರಲ್ಲಿ ವಿಶ್ವವಿದ್ಯಾಲಯದೊಡನೆ ಅವರ ಸಂಬಂಧ ಮುಗಿಯಿತು. ಸಭೆಯನ್ನು ಬಿಟ್ಟು ಹೊರನಡೆದಿದ್ದರೆ ಸ್ವಾಗತಿಸುವವರಿಗೆ ಆ ಕಾಲದಲ್ಲಿ ಕೊರತೆಯಿರಲಿಲ್ಲ. ಅವರು ಗುರುಗಳಾಗಿಯೇ ಉಳಿದರು. ತಮ್ಮ ಮಾನದ ಸಮರ್ಥನೆಗೆಂದು ನಡೆದುದನ್ನೆಲ್ಲ ವಿವರವಾಗಿ ಬರೆದಿಟ್ಟರು. ಆ ಬರಹ ಲೂವೆನ್ನಿನಲ್ಲಿ ಗ್ರಂಥವಾಗಿ ಪ್ರಕಟವಾದುದು 1982ರಲ್ಲಿ, ಅವರು ತೀರಿಹೋದ ಎಷ್ಟೋ ವರ್ಷಗಳ ಮೇಲೆ.

ಮುಂದಿನ ಬದುಕು ಅವರ ಹುಟ್ಟುನಾಡಿನಲ್ಲಿ ಕಳೆಯಿತು. ದಕ್ಷಿಣ ಲಿಂಬರ್ಗಿನ ಹೇರ್ಲೆನ್ ಸುತ್ತಮುತ್ತ ಆಗ ಕಲ್ಲಿದ್ದಲ ಗಣಿಗಳು ಏಳುತ್ತಿದ್ದವು. ದೂರದೂರದಿಂದ ಬಂದ ಕಾರ್ಮಿಕರಿಗೆ ತಲೆಯ ಮೇಲೆ ಸೂರಿಲ್ಲ. ಹೀಬ್ರೂ ಅಕ್ಷರಗಳಲ್ಲಿ ಮುಳುಗಿದ್ದ ಪ್ರಾಧ್ಯಾಪಕರು ಗಣಿಕಾರ್ಮಿಕರ ಸಂಘಟನೆಯಲ್ಲಿಯೂ ಅವರಿಗೆ ಮನೆಗಳನ್ನು ಕಟ್ಟಿಸುವುದರಲ್ಲಿಯೂ ತೊಡಗಿದರು. ಕಾರ್ಮಿಕರು ಸಮಾಜವಾದಿಗಳ ಕಡೆ ವಾಲದಂತೆ ತಡೆಯುವುದೂ ಆ ಕೆಲಸದ ಉದ್ದೇಶಗಳಲ್ಲಿ ಒಂದಾಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೂ ಪೀಠವನ್ನು ಕಳೆದುಕೊಂಡವರು ಕಹಿಯನ್ನು ಮಡಿಲಲ್ಲಿ ಕಟ್ಟಿಕೊಂಡು ಕೂರದೆ ಇಟ್ಟಿಗೆ ಗಾರೆಗಳ ನಡುವೆ ನಿಂತುದು ಸಣ್ಣ ಮಾತಲ್ಲ.

ಕಾಲ ನಿಧಾನವಾಗಿ ಸರಿಯಿತು. 1943ರ ಸೆಪ್ಟೆಂಬರಿನಲ್ಲಿ ಹನ್ನೆರಡನೇ ಪಿಯುಸ್ ಪೋಪರ ಪರಿಪತ್ರ ಬಂದಿತು. ಮೂಲಭಾಷೆಗಳನ್ನು ಕಲಿಯಿರಿ, ಪ್ರತಿಯೊಂದು ಗ್ರಂಥವೂ ಹುಟ್ಟಿದ ಕಾಲವನ್ನೂ ಅದರ ಬರವಣಿಗೆಯ ಬಗೆಯನ್ನೂ ಅರಿತು ಅರ್ಥಮಾಡಿರಿ ಎಂದು ಅದು ಕಥೋಲಿಕ ವಿದ್ವಾಂಸರನ್ನು ಪ್ರೋತ್ಸಾಹಿಸಿತು. 1948ರ ಜನವರಿಯಲ್ಲಿ ಅದೇ ಆಯೋಗದ ಕಾರ್ಯದರ್ಶಿಯವರು ಪ್ಯಾರಿಸ್ಸಿನ ಕಾರ್ಡಿನಲ್ ಸುಹಾರ್ ಅವರಿಗೆ ಪತ್ರ ಬರೆದರು. ಆ ಐದು ಗ್ರಂಥಗಳ ಹಿಂದೆ ಬೇರೆ ಬೇರೆ ಮೂಲಗಳಿರುವುದನ್ನೂ ಮೋಶೆಯ ಹೆಸರಿನ ಕಟ್ಟಳೆಗಳು ಕಾಲಕ್ರಮದಲ್ಲಿ ಬೆಳೆದುದನ್ನೂ ಇಂದು ಯಾರೂ ಸಂದೇಹಿಸುತ್ತಿಲ್ಲವೆಂದು ಪತ್ರದಲ್ಲಿತ್ತು. ಪೂಲ್ಸ್ ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡುದು ಅದೇ 1948ರಲ್ಲಿ. ಅವರನ್ನು ಕಳುಹಿಸಿಕೊಟ್ಟ ವಿಶ್ವವಿದ್ಯಾಲಯವೂ ಬದಲಾಯಿತು. ಅಮೆರಿಕದ ಕಥೋಲಿಕ ಬೈಬಲ್ ವಿದ್ವಾಂಸರ ಸಂಘ 1939ರಲ್ಲಿ ತನ್ನ ತ್ರೈಮಾಸಿಕ ಪತ್ರಿಕೆಯನ್ನು ಆರಂಭಿಸಿತು. ಮುಂದೆ ಆ ಸಂಘದ ಕೆಲಸಕ್ಕೆ ಬಹುಕಾಲ ನೆಲೆಯಾದುದು ವಾಷಿಂಗ್ಟನ್ನಿನ ಆ ವಿಶ್ವವಿದ್ಯಾಲಯವೇ.

ಮೇಲ್ಮನವಿ ಗೆದ್ದಿತು, ಆದರೆ ಮೇಲ್ಮನವಿದಾರನ ಪೀಠ ಹಿಂದಿರುಗಲಿಲ್ಲ. ನ್ಯಾಯ ತಡವಾದಾಗ ಹೀಗೆಯೇ ಆಗುತ್ತದೆ. ನಿಜ ಹೇಳಿದವರಿಗೆ ಕೊನೆಗೆ ಒಳ್ಳೆಯದಾಗುತ್ತದೆ ಎಂದು ಮಕ್ಕಳಿಗೆ ಹೇಳುವ ನೀತಿಕಥೆಯಲ್ಲಿ ಈ ಭಾಗ ಇರುವುದಿಲ್ಲ. ಪೂಲ್ಸ್ ಅವರಿಗೆ ನಿಜದಿಂದ ದೊರೆತ ಲಾಭವೆಂದರೆ ಒಂದೇ: ಪ್ರಾರ್ಥನೆಗೆ ಮಂಡಿಯೂರಿದಾಗ ದೇವರ ಮುಂದೆ ಸುಳ್ಳು ಹೇಳಿದವನೆಂಬ ನೆನಪು ಅವರನ್ನು ಕಾಡಲಿಲ್ಲ.

ಪವಿತ್ರಗ್ರಂಥವನ್ನು ಭಕ್ತಿಯಿಂದಲೂ ವಿಚಾರದಿಂದಲೂ ಓದುವುದು ಕನ್ನಡದ ಮನೆಗಳಿಗೆ ಹೊಸದಲ್ಲ. ಭಾರತವನ್ನು ಕೇಳಿ ಕಣ್ಣೀರಿಡುವ ಮನೆಯಲ್ಲಿಯೇ ಪಾಠಾಂತರ, ಪ್ರಕ್ಷೇಪ ಎಂಬ ಮಾತುಗಳೂ ಓಡಾಡುತ್ತವೆ. ಹಲವು ಭಾಷೆಗಳನ್ನು ಕಲಿತು ಶಾಸನಗಳ ಕಾಲನಿರ್ಣಯಕ್ಕೆ ದುಡಿದ ಮಂಜೇಶ್ವರದ ಗೋವಿಂದ ಪೈಗಳೇ ಏಸುವಿನ ಕೊನೆಯ ದಿನವನ್ನು 'ಗೊಲ್ಗೊಥಾ' ಕಾವ್ಯವಾಗಿ ಬರೆದರು. ಅವರ ಸಂಶೋಧನೆ ಅವರ ಗೌರವವನ್ನು ಕುಂದಿಸಲಿಲ್ಲ.

ಹೀಗಿದ್ದರೂ ರಾತ್ರಿ ಪಠಣದ ಹೊತ್ತಿನಲ್ಲಿ ಮಗುವೊಂದು "ಇದನ್ನು ಬರೆದದ್ದು ಯಾರು? ಅವರು ಸತ್ತದ್ದನ್ನು ಅವರೇ ಹೇಗೆ ಬರೆದರು?" ಎಂದು ಕೇಳಿದರೆ ಹಿರಿಯರು ಬೆಚ್ಚುತ್ತಾರೆ. ಬೈಬಲ್ಲಾಗಲಿ, ರಾಮಾಯಣವಾಗಲಿ, ಕುರಾನಾಗಲಿ, ಪ್ರಶ್ನೆ ಕೇಳಿದ ಮಗುವನ್ನು "ಸುಮ್ಮನೆ ಕೂತುಕೋ" ಎಂದು ಗದರಿಸುವುದು ಸುಲಭ. ಗದರಿಸಿದರೆ ಅದು ಸುಮ್ಮನಾಗುತ್ತದೆ. ಒಪ್ಪಿದಂತೆ ತಲೆಯಾಡಿಸಲೂ ಕಲಿಯುತ್ತದೆ. ಅಂದು ಆ ಮಗು ಮೊದಲ ಸುಳ್ಳುಪ್ರಮಾಣವನ್ನು ಮಾಡಿದಂತಾಗುತ್ತದೆ. "ನನಗೂ ಗೊತ್ತಿಲ್ಲ ಮಗಾ, ನಾಳೆ ಒಟ್ಟಿಗೆ ಓದಿ ನೋಡುವ" ಎನ್ನುವ ಹಿರಿಯರಿದ್ದ ಮನೆಯಲ್ಲಿ ದೀಪವೂ ಆರುವುದಿಲ್ಲ, ಪುಸ್ತಕವೂ ಮುಚ್ಚುವುದಿಲ್ಲ.